ಕನ್ನಡಕ್ಕ ಎರಡು ಒತ್ರಿ

ನನ್ನ ಗಂಡ ಸೌರಭನನ್ನು ಮಣ್ಣು ಮಾಡಿದ ಆರನೆಯ ದಿನ ನಮ್ಮ ಮನೆಯಲ್ಲಿ ಮೊದಲ ಮಾಮೂಲಿ ಬೆಳಗಾಯಿತು. ಹಿಂದಿನ ಸಂಜೆ ಅವನ ಚಿಕ್ಕಮ್ಮಂದಿರಲ್ಲಿ ಕೊನೆಯ ಮಾವಶಿ ಜತ್ತದ ಬಸ್ಸು ಹತ್ತಿದ್ದರು. ಐದು ದಿನ ಅವರೆಲ್ಲ ಸರದಿಯ ಮೇಲೆ ನನ್ನ ಪಕ್ಕ ಕುಳಿತು ನನ್ನ ಅಳುವಿಗಾಗಿ ಕಾದರು. ನಾನು ಅಳಲಿಲ್ಲ. “ಭಾಳ ಓದಿದಾಕಿ” ಎಂದು ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು, ಧಾರವಾಡದಲ್ಲಿ ಕನ್ನಡ ಎಂ.ಎ. ಮಾಡಿದವರ ಕಣ್ಣೀರನ್ನು ವಿಶ್ವವಿದ್ಯಾಲಯವೇ ಇಟ್ಟುಕೊಂಡುಬಿಡುತ್ತದೆ ಎಂಬಂತೆ.

ಅತ್ತೆ ನೀಲಗಂಗವ್ವ ಚಹಾ ಸೋಸಿಕೊಟ್ಟರು. ಮಾವ ಗುರುಸಿದ್ಧಪ್ಪ ಟೋಪಿ ಹಾಕಿಕೊಂಡು ಸಾಂಗಲಿ ಪೇಟೆಯ ಅಂಗಡಿಗೆ ಹೊರಟರು. ನಮ್ಮದು ಅರಿಶಿಣದ ಅಡತಿ ಅಂಗಡಿ. ರೈತರ ಮಾಲು ತೂಗಿಸಿ ವ್ಯಾಪಾರಿಗಳಿಗೆ ಕೊಡಿಸುವುದು ಕೆಲಸ. ನಾನು ಚಹಾ ಕುಡಿದೆ. ಸಕ್ಕರೆ ಸರಿಯಾಗಿತ್ತು.

ಸೌರಭನಿಗೆ ಮೂವತ್ತನಾಲ್ಕು ವರ್ಷ. ಎದೆನೋವು ಬಂದದ್ದು ಮಾಧವನಗರದ ಒಬ್ಬ ಗಿರಾಕಿಯ ಮಾಳಿಗೆಯ ಮೇಲೆ, ಇಂಟರ್ನೆಟ್ ವೈರು ಎಳೆಯುವಾಗ. ಎಲ್ಲೆಲ್ಲಿಂದಲೋ ಜನ ಬದುಕಲೆಂದು ಮಿರಜಿನ ಆಸ್ಪತ್ರೆಗಳಿಗೆ ಬರುತ್ತಾರೆ. ಇವನು ಪಕ್ಕದಲ್ಲೇ ಇದ್ದು ತಲುಪಲಿಲ್ಲ.

ಎಂಟೂವರೆಗೆ ಅವನ ಮೊಬೈಲು ಬಡಿದುಕೊಂಡಿತು. ಅತ್ತೆ ಅದನ್ನು ದಿನಾ ಚಾರ್ಜಿಗೆ ಹಾಕುತ್ತಿದ್ದರು. ಯಾಕೆಂದು ಯಾರೂ ಕೇಳಿರಲಿಲ್ಲ. ಅದರ ಬೀಗ ತೆರೆಯುತ್ತಿದ್ದುದು ಅವನ ಬೆರಳಿಗೆ ಮಾತ್ರ. ಆದರೆ ಬಂದ ಕರೆಯನ್ನು ಯಾರು ಬೇಕಾದರೂ ಎತ್ತಬಹುದು. ಎತ್ತಿದೆ.

“ಸಾವಕಾರ್ರ, ನಾ ಶಿದ್ರಾಮ್ರಿ, ಖಂಡೇರಾಜುರಿಂದ. ಆರಾಮ ಅದೀರಿ?”

“ನಾನು ಅನುಜಾ, ಅವರ ಹೆಂಡತಿ.”

“ಹಾಂ, ವೈನೀ! ಆರಾಮ ಅದೀರಿ?”

“ಆರಾಮ,” ಎಂದೆ. ಕೇಳಿದವರಿಗೆ ಬೇರೆ ಉತ್ತರ ಕೊಡುವ ಪದ್ಧತಿ ಇಲ್ಲ. ಆಮೇಲೆ ಸುದ್ದಿ ಹೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಕುರಿಗಳು ಮಾತ್ರ ಮಾತಾಡಿದವು. “ಶಿವಶಿವಾ,” ಎಂದ ಶಿದ್ರಾಮ. “ಮೊನ್ನಿ ಮೊನ್ನಿ ನಮ್ಮ ಹಟ್ಯಾಗ ಕುಂತು ರೊಟ್ಟಿ ತಿಂದು ಹೋಗಿದ್ರಲ್ರಿ!” ಕೊನೆಗೆ ಗಂಟಲು ಸರಿ ಮಾಡಿಕೊಂಡ. “ಒಂದ ಮಾತ ಐತ್ರಿ ವೈನೀ. ಈಗ ಹೇಳಬಾರದು.”

“ಹೇಳ್ರಿ.”

“ಸಣ್ಣ ಸಾವಕಾರ್ರು ನಮ್ಮಾಕಿ ದನಿ ಒಯ್ದಿದ್ರು, ಕಾಡವ್ವಂದು. ಅದು ತಿರಗಿ ಬೇಕಾಗಿತ್ರಿ.”

ಇದನ್ನು ವಿವರಿಸಬೇಕು. ಸೌರಭ ಸಣ್ಣ ಅಂಗಡಿಗಳಿಗೆ ಇಂಟರ್ನೆಟ್ ಮೇಲೆ ನಡೆಯುವ ಫೋನು ಹಚ್ಚಿಕೊಡುತ್ತಿದ್ದ. ಒಂದೇ ನಂಬರು. ಕರೆ ಮಾಡಿದವರಿಗೆ ಮೊದಲು ಸ್ವಾಗತ, ಆಮೇಲೆ ಇದಕ್ಕೆ ಒಂದು ಒತ್ತಿ, ಅದಕ್ಕೆ ಎರಡು ಒತ್ತಿ. ಎರಡು ಕುರ್ಚಿಯ ಅಂಗಡಿಗೂ ಕಂಪನಿಯ ಗತ್ತು ಬರಬೇಕು ಎನ್ನುತ್ತಿದ್ದ. ಅವನ ಮೊದಲ ಗಿರಾಕಿ ಅವನ ಅಪ್ಪ. ನಮ್ಮ ಅಂಗಡಿಯಲ್ಲಿ ಇರುವುದು ಮಾವ, ಒಂದು ಗಾದಿ, ಒಂದು ತಕ್ಕಡಿ. ಅಷ್ಟರಲ್ಲೇ ಸೌರಭ ನಾಲ್ಕು ವಿಭಾಗ ತೆರೆದಿದ್ದ. ಧಾರಣೆ ಕೇಳಲು ಒಂದು ಒತ್ತಿದರೆ ಮಾವ ಎತ್ತುತ್ತಿದ್ದರು. ಲಾರಿಗೆ ಎರಡು ಒತ್ತಿದರೆ ಮಾವ. ಹೊಸ ಗಿರಾಕಿಗಳಿಗೆ ಮೂರು, ಆಗಲೂ ಮಾವ. ದೂರಿಗೆ ನಾಲ್ಕು ಒತ್ತಿದರೂ ಮಾವನೇ, ಸ್ವಲ್ಪ ಜೋರಾಗಿ. ಅವರು ಎತ್ತದಿದ್ದರೆ ಕರೆ ಸೌರಭನ ಮೊಬೈಲಿಗೆ ಬರುತ್ತಿತ್ತು. ಹಾಗೆಯೇ ಇದು ಬಂದದ್ದು.

ಎಲ್ಲಕ್ಕಿಂತ ಮೊದಲು ಭಾಷೆ: ಮರಾಠಿಗೆ ಒಂದು, ಕನ್ನಡಕ್ಕೆ ಎರಡು. ಮರಾಠಿಗೆ ಫೋನು ಕಂಪನಿಯ ಸಿದ್ಧ ದನಿ ಇತ್ತು. ಕನ್ನಡದ್ದೂ ಇತ್ತು. ಆದರೆ ಅದು ವಾರ್ತೆ ಓದುವ ಕನ್ನಡ. ಗಡಿಯ ಹಳ್ಳಿಯ ರೈತರು ಅದನ್ನು ಕೇಳಿ ಸರಕಾರದ ಫೋನೆಂದು ಹೆದರಿ ಇಟ್ಟುಬಿಡುತ್ತಿದ್ದರು. ಸೌರಭನ ಮರಾಠಿ ಬೆರೆತ ಕನ್ನಡ ಅವನ ತಾಯಿಗೆ ಮಾತ್ರ ತಿಳಿಯುತ್ತಿತ್ತು. ಉಳಿದದ್ದು ನಾನು. ಕನ್ನಡದಲ್ಲಿ ಚಿನ್ನದ ಪದಕ ತೆಗೆದುಕೊಂಡವಳು.

“ನಿಂದ ಬ್ಯಾಡ ಅನು,” ಎಂದಿದ್ದ. “ನೀ ಮಾತಾಡಿದ್ರ ಪುಸ್ತಕ ಓದಿದಂಗ ಆಗ್ತದ.”

ಪದಕವನ್ನು ಕಪಾಟಿನಲ್ಲಿಟ್ಟೆ. ಅವನು ಖಂಡೇರಾಜುರಿಗೆ ಹೋಗಿ ಕಾಡವ್ವನನ್ನು ಕೂರಿಸಿಕೊಂಡ. ಅಲ್ಲಿ ನಮ್ಮದೊಂದು ಹೊಲವಿದೆ. ಪ್ರತಿ ಬೇಸಿಗೆ ಗೊಬ್ಬರಕ್ಕೆಂದು ಶಿದ್ರಾಮ ಮತ್ತು ಕಾಡವ್ವ ಅದರಲ್ಲಿ ತಮ್ಮ ಕುರಿ ಹಿಂಡು ನಿಲ್ಲಿಸುತ್ತಾರೆ. ಇಪ್ಪತ್ತಾರು ನಿಮಿಷ ರೆಕಾರ್ಡ್ ಮಾಡಿ ಒಂದೂವರೆ ನಿಮಿಷ ಉಳಿಸಿದೆ ಎಂದು ಹೆಮ್ಮೆಯಿಂದ ಹೇಳಿದ್ದ. ಉಳಿದದ್ದೆಲ್ಲ ಕುರಿ ಕರೆಯುವುದೇ ಆಗಿತ್ತಂತೆ. ಎರಡು ಮಾತಿಗೊಮ್ಮೆ ಹಿಂಡಿನ ಕಡೆ ತಿರುಗಿ ಕೂಗು ಹಾಕದೆ ಅವಳಿಗೆ ಮಾತು ಬರುತ್ತಿರಲಿಲ್ಲ.

“ನಮಸ್ಕಾರ್ರಿ, ಗುರುಸಿದ್ಧಪ್ಪ ಸಾವಕಾರ್ರ ಅಂಗಡಿ ಐತ್ರಿ. ಆರಾಮ ಅದೀರಿ? ಮಳಿ ಬೆಳಿ ಹೆಂಗೈತ್ರಿ ನಿಮ್ಮ ಕಡೆ? ಧಾರಣಿ ಕೇಳಾಕ ಒಂದ ಒತ್ರಿ.”

ನಮ್ಮ ಜನ ಒತ್ತಲಿಲ್ಲ. ಒಬ್ಬ ಹೆಂಗಸು ಆರಾಮ ಕೇಳಿದಾಗ ಉತ್ತರ ಹೇಳದೆ ಗುಂಡಿ ಒತ್ತುವುದು ಮರ್ಯಾದಸ್ಥರ ಲಕ್ಷಣವಲ್ಲ. “ಆರಾಮ ಇದೀವಿ ತಂಗಿ” ಎಂದು ಶುರು ಮಾಡಿ, ಮಳೆ ಮುಗಿಸಿ, ಬೋರಿನ ನೀರು ಮುಗಿಸಿ, ಸೊಸೆಯ ಬಾಣಂತನಕ್ಕೆ ಬರುವಷ್ಟರಲ್ಲಿ ಯಂತ್ರ “ನೀವೇನೂ ಒತ್ತಲಿಲ್ಲ” ಎಂದು ಕರೆ ಮುಗಿಸುತ್ತಿತ್ತು. ಅವರಿಗೆ ಬೇಜಾರಾಗುತ್ತಿರಲಿಲ್ಲ. ಮರುದಿನ ಮತ್ತೆ ಹಚ್ಚುತ್ತಿದ್ದರು. ಸೌರಭ ಇದನ್ನೆಲ್ಲ ನಕ್ಷೆ ಮಾಡಿ, ಗ್ರಾಹಕರು ನಮ್ಮ ಜೊತೆ ಸರಾಸರಿ ಮೂರು ನಿಮಿಷ ಕಳೆಯುತ್ತಿದ್ದಾರೆಂದು ಉಳಿದ ಗಿರಾಕಿಗಳಿಗೆ ತೋರಿಸುತ್ತಿದ್ದ.

ಇತ್ತ ಎರಡು ತಿಂಗಳ ಹಿಂದೆ ಕಾಡವ್ವನ ಗಂಟಲಲ್ಲಿ ಗಡ್ಡೆ ಸಿಕ್ಕಿತು. ಮಿರಜಿನಲ್ಲಿ ತೆಗೆದರು. ಗಡ್ಡೆಯ ಜೊತೆ ದನಿಪೆಟ್ಟಿಗೆಯೂ ಹೋಯಿತು. ಜೀವ ಉಳಿಯಿತು. ಡಾಕ್ಟರಿಗೆ ಅಷ್ಟು ಸಾಕಾಗಿತ್ತು. ಕುರಿಗಳಿಗೆ ಸಾಲಲಿಲ್ಲ.

“ನಾ ಕರದ್ರ ಹೊಳ್ಳಿ ಸುದ್ದಾ ನೋಡವಲ್ಲವು,” ಎಂದ ಶಿದ್ರಾಮ. “ಮೂವತ್ತ ವರ್ಷ ಆಕಿ ದನಿಗೇ ಬೆಳದಾವು. ಹ್ವಾದ ವಾರ ಹೈವೇ ದಾಟಿಸುವಾಗ ಚದರಿ ಹೋದುವು, ಲಾರಿ ಬಂತು. ಎರಡ ಹ್ವಾದುವು. ಮುಂದಿನ ವಾರ ಹಿಂಡು ತಗೊಂಡು ಹೊಂಟೇವ್ರಿ, ನಾಕ ಕಡೆ ರಸ್ತೆ ದಾಟಬೇಕು. ಕಾಡವ್ವ ಸನ್ನಿ ಮಾಡ್ಯಾಳ, ಸಾವಕಾರ್ರ ಫೋನ್ಯಾಗ ನನ್ನ ದನಿ ಐತಿ, ಇಸ್ಕೊಂಡ ಬಾ ಅಂತ.”

ಸುಲಭ ಅನಿಸಿತು. ನನ್ನ ಫೋನಿನಿಂದ ಅಂಗಡಿಗೆ ಕರೆ ಮಾಡಿ, ಎರಡು ಒತ್ತಿ, ಕಾಡವ್ವನ ಸ್ವಾಗತವನ್ನು ರೆಕಾರ್ಡ್ ಮಾಡಿ ಶಿದ್ರಾಮನ ಮಗನ ವಾಟ್ಸಾಪಿಗೆ ಕಳಿಸಿದೆ. ಮಧ್ಯಾಹ್ನ ಶಿದ್ರಾಮನ ಕರೆ ಬಂತು.

“ಕೇಳಸಿದೆ ವೈನೀ. ಒಂದೂ ತಲಿ ಎತ್ತಲಿಲ್ಲ. ಕುರಿಗೆ ಅರಿಶಿಣದ ಧಾರಣಿ ತಗೊಂಡು ಏನ್ಮಾಡೂದೈತ್ರಿ?”

ಬೇಕಾದದ್ದು ಕತ್ತರಿಸಿ ಬಿಟ್ಟ ಇಪ್ಪತ್ನಾಲ್ಕೂವರೆ ನಿಮಿಷ. ಅದೂ ಸೇರಿದ ಮೂಲ ಮುದ್ರಣ ಫೋನು ಕಂಪನಿಯಲ್ಲಿದ್ದ ಸೌರಭನ ಖಾತೆಯಲ್ಲಿತ್ತು. ಅವನ ಮೊಬೈಲಿನ ಪರದೆಯ ಮೇಲೆ ಕಂಪನಿಯ ಸಂದೇಶವೂ ಇತ್ತು: ಮೂವತ್ತನೆಯ ತಾರೀಖಿಗೆ ನಿಮ್ಮ ಅವಧಿ ಮುಗಿಯುತ್ತದೆ, ಎಲ್ಲ ದನಿಮುದ್ರಣಗಳನ್ನು ಅಳಿಸಲಾಗುವುದು. ಅಂದು ಇಪ್ಪತ್ನಾಲ್ಕು. ಒಬ್ಬನ ಅವಧಿ ಮುಗಿದದ್ದನ್ನು ಇಷ್ಟು ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಎಲ್ಲ ಕಡೆ ಇರಬೇಕಿತ್ತು.

ಕಂಪನಿಗೆ ಫೋನು ಹಚ್ಚಿದೆ. ನಿಮ್ಮ ಕರೆ ನಮಗೆ ಅಮೂಲ್ಯ ಎಂದರು. ಒಂದು ಒತ್ತಿದೆ. ನಾಲ್ಕು ಒತ್ತಿದೆ. ಒಂಬತ್ತು ಒತ್ತಿದೆ. ಕೊಳಲು ಕೇಳಿದೆ. ಕೊನೆಗೆ ಪ್ರಣಾಲಿ ಎಂಬ ಹುಡುಗಿ ಸಿಕ್ಕಳು. ಮಾತು ಮರಾಠಿಯಲ್ಲಿ ನಡೆಯಿತು.

“ಖಾತೆದಾರರೇ ಮಾತಾಡಬೇಕು ಮೇಡಂ.”

“ಅವರು ತೀರಿಕೊಂಡಿದ್ದಾರೆ.”

“ಕೇಳಿ ವಿಷಾದವಾಯಿತು ಮೇಡಂ. ಸರ್ ಯಾವಾಗ ಸಿಗುತ್ತಾರೆ?”

ನಾನು ಯೋಚಿಸಿದೆ. ನಿಜವಾಗಿ ಯೋಚಿಸಿದೆ. “ಹೇಳಲಾರೆ,” ಎಂದೆ.

“ನಾಳೆ ಹನ್ನೊಂದಕ್ಕೆ ಸರ್‌ಗೆ ಕರೆ ನಿಗದಿ ಮಾಡಲೇ?”

ಮಾಡಿದಳು. ಮರುದಿನ ಹನ್ನೊಂದಕ್ಕೆ ಸೌರಭನ ಮೊಬೈಲು ಬಡಿದುಕೊಂಡಿತು. ನಾನೇ ಎತ್ತಿದೆ. ಬೇರೆ ಯಾರೋ ಹುಡುಗ, ಸರ್‌ಗೆ ಕೊಡಿ ಎಂದ. ಹತ್ತು ನಿಮಿಷದ ನಂತರ ಪರದೆಯ ಮೇಲೆ ಬಂತು: ಗ್ರಾಹಕರು ಲಭ್ಯವಿಲ್ಲದ ಕಾರಣ ದೂರನ್ನು ಮುಕ್ತಾಯಗೊಳಿಸಲಾಗಿದೆ, ನಮ್ಮ ಸೇವೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ?

ಮತ್ತೆ ಹಚ್ಚಿದೆ. ಮರಣದ ದಾಖಲೆ ಕೊಟ್ಟರೆ ಕಾನೂನು ವಿಭಾಗ ನಲವತ್ತೈದು ಕೆಲಸದ ದಿನಗಳಲ್ಲಿ ಪರಿಶೀಲಿಸುತ್ತದೆಯಂತೆ. ಅಳಿಸುವುದಕ್ಕೆ ಯಾವ ವಿಭಾಗವೂ ಬೇಡ, ಅದು ತಾನಾಗಿಯೇ ಆಗುತ್ತದೆ. ಇಪ್ಪತ್ತಾರಕ್ಕೆ ಇನ್ನೊಮ್ಮೆ ಹಚ್ಚಿದಾಗ ಅದೃಷ್ಟಕ್ಕೆ ಪ್ರಣಾಲಿಯೇ ಸಿಕ್ಕಳು. ಅವಳಿಗೆ ಕುರಿಗಳ ವಿಷಯ ಹೇಳಿದೆ. ಯಾಕೆ ಹೇಳಿದೆನೋ. ಆಮೇಲೆ ಸಣ್ಣ ದನಿಯಲ್ಲಿ, “ನಮ್ಮ ಅಜ್ಜಿಯೂ ಮೇಕೆ ಕಾಯುತ್ತಿದ್ದರು ಮೇಡಂ,” ಎಂದಳು. “ಮನೆಯಲ್ಲಿ ಗಂಡಸರು ಯಾರಾದರೂ ಇದ್ದಾರಾ? ಸರ್ ಮೊಬೈಲಿಗೆ ನಾನೇ ಕರೆ ಮಾಡುತ್ತೇನೆ. ಮೂರೇ ಪ್ರಶ್ನೆ ಕೇಳುವುದು. ನೋಡಿ, ಸರ್ ಸಿಕ್ಕರೆ ಒಳ್ಳೆಯದು.”

ಮನೆಯಲ್ಲಿ ಇದ್ದ ಗಂಡಸರು ಒಬ್ಬರೇ.

ಅಂಗಡಿಗೆ ಹೋದೆ. ಮಾವ ಗಾದಿಯ ಮೇಲೆ ಅರಿಶಿಣದ ಕೊಂಬು ಮುರಿದು ಬಣ್ಣ ನೋಡುತ್ತ ಕುಳಿತಿದ್ದರು. ಹೇಳಿದೆ.

“ಯಾರಂತ ಹೇಳ್ಬೇಕು?”

“ಸೌರಭ ಅಂತ.”

ಕೊಂಬು ಕೆಳಗಿಟ್ಟರು. “ಹುಚ್ಚ ಹಿಡದೈತೇನ ನಿನಗ? ಕುರಿ ಸಲುವಾಗಿ ಅಪ್ಪ ಮಗನ ಹೆಸರಲೆ ಮಾತಾಡಬೇಕು?”

“ಕುರಿ ಸಲುವಾಗಿ ಅಲ್ಲ. ಕಾಡವ್ವನ ಸಲುವಾಗಿ.”

“ಆ ಡಬ್ಬಿ ಬಂದ ಆಗ್ಲಿ. ನಾನೂ ಅದನ್ನ ಕಾಯಾಕತ್ತೇನಿ. ಒಂದ ಒತ್ರಿ, ಎರಡ ಒತ್ರಿ, ಕಡೀಕ ಎತ್ತಾವ ನಾನ ಮುದುಕ. ಮನಿಗ ಹೋಗು.”

ಮನೆಗೆ ಬಂದು ಅತ್ತೆಗೆ ಹೇಳಿದೆ. ಊಟಕ್ಕೆ ಕುಳಿತಾಗ ಮಾವ ಎರಡು ತುತ್ತಿನ ಮೇಲೆ ಎದ್ದರು. ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಕುಂದರ್ರಿ,” ಎಂದರು. “ನಮ್ಮ ಅವ್ವ ಸತ್ತಾಗ ಅಕಿ ಕಡಗಡ ತಂದಿದ್ದ ಜರಡಿ, ಕೊಳಗ ಎಲ್ಲಾ ನೀವ ಹೊತ್ತು ಮನಿಮನಿಗೆ ಮುಟ್ಟಿಸಿ ಬಂದ್ರಿ. ಸತ್ತಾವರ ಮ್ಯಾಲ ಮಂದಿ ಸಾಮಾನ ಉಳೀಬಾರದು ಅಂತ ನೀವ ಅಂದಿದ್ರಿ.”

“ಜರಡಿ ಬ್ಯಾರೆ.”

“ಹೌದ, ಬ್ಯಾರೆ. ಜರಡಿ ಪ್ಯಾಟ್ಯಾಗ ಸಿಗತೈತಿ.”

ಮಾವ ಕುಳಿತರು. ಊಟ ಮುಗಿಸಲಿಲ್ಲ. ಆದರೆ ಕುಳಿತರು.

ಇಪ್ಪತ್ತೇಳಕ್ಕೆ ಹನ್ನೊಂದು ಗಂಟೆಗೆ ಮೊಬೈಲನ್ನು ಗಾದಿಯ ಮೇಲಿಟ್ಟು ಸ್ಪೀಕರ್ ಹಾಕಿದೆ. ಗುಣಮಟ್ಟಕ್ಕಾಗಿ ಈ ಕರೆಯನ್ನು ರೆಕಾರ್ಡ್ ಮಾಡಲಾಗುತ್ತಿದೆ ಎಂದು ಯಂತ್ರ ಹೇಳಿತು. ಆಮೇಲೆ ಪ್ರಣಾಲಿ, ನಮ್ಮನ್ನು ಎಂದೂ ಅರಿಯದವಳಂತೆ, “ಸೌರಭ ಸರ್ ಮಾತಾಡುತ್ತಿದ್ದಾರಾ?” ಎಂದಳು.

ಮಾವ ಟೋಪಿ ತೆಗೆದರು. ಗಿರಾಕಿ ಎಷ್ಟು ದೊಡ್ಡವನಾದರೂ ಅಂಗಡಿಯಲ್ಲಿ ಅವರು ಟೋಪಿ ತೆಗೆದದ್ದನ್ನು ನಾನು ನೋಡಿರಲಿಲ್ಲ.

“ಹೋ,” ಎಂದರು ಮರಾಠಿಯಲ್ಲಿ. “ಮೀ ಸೌರಭ ಬೋಲತೋಯ್.” ಹೌದು, ನಾನು ಸೌರಭ ಮಾತಾಡುತ್ತಿದ್ದೇನೆ.

“ಜನ್ಮದಿನ ಹೇಳುತ್ತೀರಾ ಸರ್?”

ಹೇಳಿದರು. ಕೇಳದಿದ್ದರೂ ವಾರ ಹೇಳಿದರು. ಎಷ್ಟು ಗಂಟೆಗೆ ಎಂಬುದನ್ನೂ ಹೇಳಿದರು. ಪ್ರಣಾಲಿ ತಡೆಯಲಿಲ್ಲ.

“ತಾಯಿಯ ಹೆಸರು?”

“ನೀಲಗಂಗವ್ವ.”

“ನೋಂದಾಯಿತ ವ್ಯವಹಾರ?”

ಮಾವ ಸುತ್ತ ನೋಡಿದರು: ಗಾದಿ, ತಕ್ಕಡಿ, ಚೀಲಗಳು. “ಅಪ್ಪನ ಅಂಗಡಿ,” ಎಂದರು.

ಕೀಲಿಮಣೆಯ ಶಬ್ದ ಕೇಳಿಸಿತು. ಕಡತ ಕಳಿಸಲು ಇ-ಮೇಲ್ ವಿಳಾಸ ಕೇಳಿದಳು. ನನ್ನದನ್ನು ಕಾಗದದ ಮೇಲೆ ಬರೆದು ಹಿಡಿದಿದ್ದೆ. ಒಂದೊಂದೇ ಅಕ್ಷರ ಬಿಡಿಸಿ ಓದಿದರು. ಪರಿಶೀಲನೆ ಯಶಸ್ವಿಯಾಗಿದೆ ಎಂದಳು. ಆಮೇಲೆ ಸ್ವಲ್ಪ ತಡವರಿಸಿದಳು. ಕರೆ ರೆಕಾರ್ಡ್ ಆಗುತ್ತಿತ್ತು, ಎದುರಿಗೆ ಬರೆದದ್ದನ್ನು ಓದಲೇಬೇಕಿತ್ತು. “ಮುಂದಿನ ತಿಂಗಳು ನಿಮ್ಮ ಹುಟ್ಟುಹಬ್ಬ ಸರ್. ಮುಂಚಿತವಾಗಿ ಶುಭಾಶಯಗಳು.”

“ಧನ್ಯವಾದ,” ಎಂದರು ಮಾವ.

ಟೋಪಿ ಹಾಕಿಕೊಳ್ಳಲಿಲ್ಲ. ಎದ್ದು ಹಿಂದಿನ ಕೋಣೆಗೆ ಹೋಗಿ ಚೀಲಗಳನ್ನು ಎಣಿಸತೊಡಗಿದರು. ಆ ಚೀಲಗಳು ನಿನ್ನೆಯವೇ. ಗಿರಾಕಿ ಬಂದ, ಹೋದ. ಮಧ್ಯಾಹ್ನದವರೆಗೂ ಎಣಿಸಿದರು.

ಕಡತ ಬಂತು. ತೆರೆದು ಹತ್ತು ಸೆಕೆಂಡು ಕೇಳಿದೆ: ಕುರಿಯ ಗಂಟೆ, ಕಾಡವ್ವನ ಕೆಮ್ಮು. ಇದೇ ಎಂದು ಖಾತ್ರಿಯಾಯಿತು, ನಿಲ್ಲಿಸಿದೆ. ಮೆಮರಿ ಕಾರ್ಡಿಗೆ ಹಾಕಿ, ಮನೆಯಲ್ಲಿ ಬಿದ್ದಿದ್ದ ಒಂದು ಕೀಪ್ಯಾಡ್ ಫೋನಿಗೆ ಕಾರ್ಡು ಸೇರಿಸಿದೆ. ಆ ಫೋನುಗಳ ಸ್ಪೀಕರು ಬಸ್ಸಿನ ಹಾರ್ನಿಗಿಂತ ಜೋರು. ಲ್ಯಾಪ್‌ಟಾಪಿನಿಂದಲೂ ಇ-ಮೇಲಿನಿಂದಲೂ ಪ್ರತಿಯನ್ನು ಅಳಿಸಿದೆ. ಕೊಡುವುದೆಂದರೆ ಕೊಡುವುದು. ಪ್ರತಿ ಇಟ್ಟುಕೊಂಡು ಕೊಡುವುದು ಕಂಪನಿಗಳ ಪದ್ಧತಿ.

ಮರುದಿನ ಮಿರಜಿನಿಂದ ಬಸ್ಸು ಹಿಡಿದು ಖಂಡೇರಾಜುರಿಗೆ ಹೋದೆ. ನಮ್ಮ ಹೊಲದ ಆಚೆ ಬೀಳುನೆಲದಲ್ಲಿ ಹಿಂಡು ಇತ್ತು, ನೂರಿಪ್ಪತ್ತರಷ್ಟು. ಕಾಡವ್ವ ಕಂಬಳಿಯ ಮೇಲೆ ಕುಳಿತಿದ್ದಳು. ಕುತ್ತಿಗೆಗೆ ಬಿಳಿ ಬಟ್ಟೆ. ನನ್ನನ್ನು ನೋಡಿ ಎದ್ದು ಬಂದು ಎರಡೂ ಕೈಯಿಂದ ನನ್ನ ಗಲ್ಲ ಸವರಿ, ಬೆರಳು ತನ್ನ ಕಣತಲೆಗೆ ಒತ್ತಿ ನೆಟಿಗೆ ಮುರಿದಳು. ಆರಾಮ ಇದ್ದೀಯಾ ಎಂದು ಕೇಳಲಿಲ್ಲ. ಈ ಹತ್ತು ದಿನಗಳಲ್ಲಿ ಅದನ್ನು ಕೇಳದೆ ಬಿಟ್ಟವಳು ಅವಳೊಬ್ಬಳೇ. ಕೇಳಲು ಬರುತ್ತಿರಲಿಲ್ಲ, ಅದು ಬೇರೆ ಮಾತು.

“ಕುಂದರ್ರಿ ವೈನೀ, ಹಾಲ ಕಾಸಿ ಚಹಾ ಮಾಡ್ತೇನಿ,” ಎಂದ ಶಿದ್ರಾಮ.

“ಮೊದಲು ಇದು,” ಎಂದು ಫೋನಿನ ಗುಂಡಿ ಒತ್ತಿದೆ.

ಗಂಟೆ. ಕೆಮ್ಮು. ಕಾಡವ್ವನ ದನಿ: “ನಮಸ್ಕಾರ್ರಿ, ಗುರುಸಿದ್ಧಪ್ಪ ಸಾವಕಾರ್ರ...” ಕುರಿಗಳು ಮೇಯುತ್ತಿದ್ದವು. ಶಿದ್ರಾಮ ನನ್ನ ಮುಖ ನೋಡಿದ. ಆಗ ಫೋನಿನೊಳಗಿನ ಕಾಡವ್ವ ಮಾತು ನಡುವೆ ಬಿಟ್ಟು, ನಾಲಿಗೆಯನ್ನು ಅಂಗುಳಕ್ಕೆ ನಾಲ್ಕು ಸಲ ಬಡಿದು, ಉದ್ದಕ್ಕೆ “ಹೋಓಓ” ಎಂದು ಕೂಗಿದಳು.

ನೂರಿಪ್ಪತ್ತು ತಲೆಗಳು ಒಮ್ಮೆಲೇ ಎದ್ದವು. ಕರಿಮುಖದ ಮುದಿ ಕುರಿಯೊಂದು ಮೊದಲು ಹೊರಟಿತು, ಹಿಂದೆ ಹತ್ತು, ಹಿಂದೆ ಉಳಿದವು. ಕೆಲವು ಮರಿಗಳು ಮಾತ್ರ ದಿಕ್ಕು ತಪ್ಪಿ ಶಿದ್ರಾಮನ ಕಡೆ ಓಡಿದವು. ಅವು ಈ ಎರಡು ತಿಂಗಳಲ್ಲಿ ಹುಟ್ಟಿದವು, ಆ ದನಿ ಅವಕ್ಕೆ ಗೊತ್ತಿರಲಿಲ್ಲ. ಮುದಿ ಕುರಿ ನನ್ನ ಕೈಯ ಫೋನು ಮೂಸಿ, ಕಾಡವ್ವನನ್ನು ನೋಡಿ, ಮತ್ತೆ ಫೋನು ಮೂಸಿತು. ಕಾಡವ್ವ ಹೆಗಲು ಕುಣಿಸಿ, ಸದ್ದಿಲ್ಲದೆ ನಕ್ಕಳು.

ನಿಲ್ಲಿಸಲು ಗುಂಡಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಫೋನು ಮುಂದುವರಿಯಿತು.

“ಥಾಂಬ ಕಾಡವ್ವಾ, ತಡಿ! ಕುರಿ ಆಮ್ಯಾಲ. ಮೊ‍ದಲ ಒಂದ ಒತ್ರಿ ಅನ್ನು. ಏ, ನಗಬ್ಯಾಡ, ನಂಗೂ ನಗಿ ಬರತದ.” ಆಮೇಲೆ ಸೌರಭ ನಕ್ಕ. ಕೆಟ್ಟ ಕನ್ನಡದಲ್ಲಿ, ಉಸಿರು ಸಿಕ್ಕಿಕೊಳ್ಳುವಷ್ಟು ನಕ್ಕ. “ನಮ್ಮ ಮನ್ಯಾಗೊಬ್ಬಾಕಿ ಅದಾಳ, ಎಂ.ಎ. ಅಕಿ ಕೇಳಿದ್ರ ನನ್ನ ಕನ್ನಡಕ್ಕ ಸೊನ್ನಿ ಕೊಡತಾಳ.”

ಇಪ್ಪತ್ತಾರು ನಿಮಿಷದಲ್ಲಿ ಇಬ್ಬರಿದ್ದಾರೆಂದು ನನಗೆ ಹೊಳೆದಿರಲಿಲ್ಲ. ಹೊಳೆಯಬೇಕಿತ್ತು. ಓದಿದವಳು.

ಶಿದ್ರಾಮ ಒಲೆಯ ಕಡೆ ತಿರುಗಿ ನಿಂತ. ಕಾಡವ್ವನ ನಗು ನಿಂತಿತು. ಅವಳು ಫೋನನ್ನು ನನ್ನ ಕೈಯಿಂದ ತೆಗೆದುಕೊಂಡು ಗುಂಡಿ ಒತ್ತಿ ಸದ್ದು ನಿಲ್ಲಿಸಿದಳು. ತನ್ನ ಕುತ್ತಿಗೆಯ ಬಟ್ಟೆ ಮುಟ್ಟಿ ತೋರಿಸಿದಳು, ಹಿಂಡು ತೋರಿಸಿದಳು, ಆಮೇಲೆ ನನ್ನ ಎದೆಗೆ ಬೆರಳಿಟ್ಟಳು. ಅವನ ದನಿ ಉಳಿದಿದ್ದ ಆ ಒಂದೇ ಫೋನನ್ನು, ಇದು ನಿನ್ನದು ಎಂಬಂತೆ, ನನ್ನ ಕಡೆ ಚಾಚಿದಳು. ಕುರಿಗಳು ಸುತ್ತ ನಿಂತು ಮುಂದಿನ ಅಪ್ಪಣೆಗೆ ಕಾಯುತ್ತಿದ್ದವು.

“ರಸ್ತೆ ದಾಟಿಸಬೇಕಲ್ಲ ನೀವು,” ಎಂದೆ.

ಅವಳು ಚಾಚಿದ ಕೈ ಹಿಂದೆ ತೆಗೆಯಲಿಲ್ಲ. ನಾನು ಆ ಕೈಯನ್ನು ಹಿಡಿದೆ. ಫೋನಿನ ಸುತ್ತ ಅವಳ ಬೆರಳುಗಳನ್ನು ಒಂದೊಂದಾಗಿ ಮಡಚಿ, ಮುಷ್ಟಿಯನ್ನು ಅವಳ ಕಡೆಗೇ ನೂಕಿದೆ.